ಉಪ್ಪು ಸವರಿದ ತೊಗಲು

ಕರಟದಲ್ಲಿ ಉಪ್ಪುನೀರು ಕಲಸಿಕೊಂಡು ಸತ್ತ ಕರುವಿನ ಬೆನ್ನಿಗೆ ಸವರುತ್ತಿದ್ದೆ. ಅಷ್ಟರಲ್ಲಿ ಕಲ್ಯಾಣದುರ್ಗದಿಂದ ಅಣ್ಣ ಬಂದ.

ಸತ್ತ ಕರು ಎಂದರೆ ಅದರ ತೊಗಲು. ನಮ್ಮ ಹಿಂದೂಪುರದ ಮನೆಯಲ್ಲಿ ಇದ್ದದ್ದು ಒಂದೇ ಹಸು. ಅದರ ಎಳೆಗರು ಹೋಗಿಬಿಟ್ಟಿತ್ತು. ಕರು ಮುಂದಿಲ್ಲದಿದ್ದರೆ ಹಸು ಹಾಲು ಇಳಿಸುವುದಿಲ್ಲ. ಅದಕ್ಕೇ ನಮ್ಮ ಅತ್ತೆ ಆಳು ಕರೆಸಿ ತೊಗಲು ಸುಲಿಸಿ, ಒಳಗೆ ಹುಲ್ಲು ತುಂಬಿಸಿ ಹೊಲಿಸಿದ್ದರು. ಕಾಲಿಗೆ ಕಡ್ಡಿ, ಕಣ್ಣಿದ್ದ ಕಡೆ ಹೊಲಿಗೆ. ಲಿಂಗ ಕಟ್ಟಿದ ಮನೆಯೊಳಗೆ ತೊಗಲು ಬರಕೂಡದೆಂದು ಅದರ ಜಾಗ ಕೊಟ್ಟಿಗೆಯ ಸೂರಿನಡಿ. ಉಪ್ಪು ಸವರಿ ಮುಂದಿಟ್ಟರೆ ಹಸು ನೆಕ್ಕುತ್ತ ನೆಕ್ಕುತ್ತ ಹಾಲು ಬಿಡುತ್ತಿತ್ತು. ನೆಕ್ಕಿದ ಕಡೆಯೆಲ್ಲ ಕೂದಲು ಉದುರಿ, ಹೊಲಿಗೆ ಸಡಿಲವಾಗಿ, ಹುಲ್ಲು ಕಾಣುತ್ತಿತ್ತು. ಆದರೂ ಬಿಡದೆ ನೆಕ್ಕುತ್ತಿತ್ತು.

ಅದನ್ನು ನೋಡಿಕೊಂಡು ಹಾಲು ಕರೆಯುವ ಕೆಲಸ ನನ್ನದು. ಆ ತಿಂಗಳೇ ನನ್ನ ಮಗು ಜ್ವರ ಬಂದು ತೀರಿಕೊಂಡಿತ್ತು. ಹಾಲು ಬತ್ತಲೆಂದು ನನ್ನ ಎದೆಗೆ ಮಲ್ಲಿಗೆ ಹೂವಿಟ್ಟು ಬಿಗಿಯಾಗಿ ಬಟ್ಟೆ ಕಟ್ಟಿದ್ದರು.

ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು; ಅಣ್ಣನ ಮುಖಕ್ಕೆಲ್ಲ ಅದರ ಮಸಿ. ತೋಳಲ್ಲಿ ಕರಿ ಕಂಬಳಿಯ ಗಂಟು.

“ನಮ್ ಚಿಕ್ಕೋಳು ಹೋಗ್ಬುಟ್ಲು ಕಣಮ್ಮ,” ಎಂದ. ಕಲ್ಯಾಣದುರ್ಗಕ್ಕೆ ಕೊಟ್ಟಿದ್ದ ನಮ್ಮ ತಂಗಿ. “ಹೆರಿಗೆ ಆಗಿ ಜ್ವರ ಏರ್ತು, ಇಳೀಲೇ ಇಲ್ಲ. ಪಾಪ ಒಂದು ಉಳ್ಕಂಡೈತೆ, ಹೆಣ್ಣು. ಮೇಕೆ ಹಾಲು ಹಾಕಿದ್ರೆ ಕಕ್ಬುಡ್ತದೆ. ನೀನು ಕೊಟ್ರೆ ಉಂಟು, ಇಲ್ದಿದ್ರೆ ಅದೂ ಅವ್ಳ ಹಿಂದೇನೇ.”

ತಂಗಿಗಾಗಿ ಅಳಲು ನನಗೆ ಯಾರೂ ಹೊತ್ತು ಕೊಡಲಿಲ್ಲ. ಕಂಬಳಿ ಬಿಚ್ಚಿದರೆ ಒರಟು ಉಣ್ಣೆ ಚುಚ್ಚಿ ಕೂಸಿನ ಮೈ ಕೆಂಪಾಗಿತ್ತು. ಹುಟ್ಟಿದ ಮಕ್ಕಳ ಮೇಲ್ಚರ್ಮ ಪೊರೆಪೊರೆಯಾಗಿ ಏಳುತ್ತದಲ್ಲ, ಅದಿನ್ನೂ ಪೂರ್ತಿ ಉದುರಿರಲಿಲ್ಲ. ಎದೆಯ ಬಟ್ಟೆ ಬಿಚ್ಚಿ ಬಾಯಿಗಿಟ್ಟೆ. ಎಳೆಯಿತು, ಏನೂ ಬರಲಿಲ್ಲ, ಅತ್ತಿತು. ಮತ್ತೆ ಇಟ್ಟೆ. ಇದು ನನ್ನದಲ್ಲವೆಂದು ನನ್ನ ಮೈಗೆ ಗೊತ್ತಿತ್ತು. ಅಳುವ ದನಿ ಬರಬರುತ್ತ ಸಣ್ಣದಾಯಿತು.

ಅತ್ತೆ ಒಳಗೆ ಹೋದರು. ಟ್ರಂಕಿನ ಮುಚ್ಚಳದ ಸದ್ದಾಯಿತು. ಈಚೆ ಬಂದಾಗ ಕೈಯಲ್ಲಿ ನನ್ನ ಮಗುವಿನ ಕುಲಾವಿ, ಅಂಗಿ.

“ಅದು ಮಗೀನ ಜತೇಲೇ ಮಣ್ಣಿಗೆ ಹೋಯ್ತು ಅಂದಿದ್ರಲ್ಲ ಅತ್ತೆಮ್ಮ?”

“ಬಟ್ಟೆ ಸಿಗದಿರೋ ಕಾಲ, ಮಣ್ಣಿಗ್ಯಾಕೆ ಹಾಕ್ಲಿ? ಮುಂದಕ್ಕೆ ಆಯ್ತದೆ ಅಂತ ಮಡಗಿದ್ದೆ. ಒಗ್ದೂ ಇಲ್ಲ, ಮೂಸಿ ನೋಡು.”

“ಬ್ಯಾಡ ಬುಡ್ರತ್ತೆ,” ಎಂದ ಅಣ್ಣ. “ಅವ್ಳ ಮುಖ ನೋಡ್ರಿ.”

“ನೀನು ಸುಮ್ಕಿರಪ್ಪ. ಹಸೂಗೆ ಹುಲ್ಲು ತುಂಬಿದ ತೊಗ್ಲೇ ಸಾಕಾಯ್ತು. ಇವ್ಳಿಗೆ ಉಸಿರಾಡೋ ಕೂಸೇ ತಂದಿದೀಯ. ಇಳೀದೆ ಏನಾಯ್ತದೆ?”

ಕೂಸಿಗೆ ಅಂಗಿ ತೊಡಿಸಿ, ಕುಲಾವಿ ಕಟ್ಟಿ, ನನ್ನ ಮಡಿಲಿಗೆ ಹಾಕಿದರು. ಹಾಲು, ಹರಳೆಣ್ಣೆ, ಜ್ವರದ ಬೆವರು, ಎಲ್ಲ ಬೆರೆತ ನನ್ನ ಮಗುವಿನ ವಾಸನೆ ಮೂಗಿಗೆ ಬಡಿಯಿತು. ಹಸುವಿಗೆ ಗೊತ್ತಾಗುತ್ತಿತ್ತೋ ಇಲ್ಲವೋ. ನನಗೆ ಗೊತ್ತಿತ್ತು. ಗೊತ್ತಿದ್ದೂ ಇಳಿಯಿತು. ಕೂಸಿನ ಬಾಯಿ ತುಂಬಿ, ಗಲ್ಲದ ಮೇಲೆ ಹರಿದು, ಅಂಗಿಯ ಕೊರಳು ನೆನೆಯಿತು.

“ತಾಗು ತಲ್ಲಿ, ತಾಗು,” ಕುಡಿ ತಾಯಿ, ಕುಡಿ ಎಂದರು ಅತ್ತೆ ತೆಲುಗಿನಲ್ಲಿ, ಕೂಸಿನ ತಲೆ ಸವರುತ್ತ. ನನ್ನ ಕಡೆ ನೋಡಲಿಲ್ಲ.

ಶಿವ ದೊಡ್ಡವನು, ಕೊಟ್ಟದ್ದನ್ನು ನೆನೆಯದಿರಬಾರದು. ಕೂಸು ಬದುಕಿತು. ತಂಗಿಯ ಹೆಸರು ಹೇಳಲು ಒಂದು ಜೀವ ಉಳಿಯಿತು. ನನ್ನ ಎದೆಯ ಗಂಟು ಕರಗಿ ನೋವು ಹೋಯಿತು, ಅದೂ ಅವನದೇ ದಯೆ ಎನ್ನೋಣ. ಉಪಾಯ ಮಾತ್ರ ತಮ್ಮದೆಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಕೂಸು ಮನೆ ತುಂಬ ಓಡಾಡುವಂತಾದ ಮೇಲೆ ಅದರ ಅಪ್ಪ ಎರಡನೆಯ ಹೆಂಡತಿಯೊಡನೆ ಬಂದು, ದೊಡ್ಡ ಉಪಕಾರವಾಯಿತೆಂದು ಹೇಳಿ ಕರೆದುಕೊಂಡು ಹೋದ. ಕುಲಾವಿ ನನ್ನಲ್ಲೇ ಉಳಿಯಿತು. ಅದರ ವಾಸನೆ ಯಾವ ಮಗುವಿನದೆಂದು ಆಮೇಲೆ ನನಗೂ ತಿಳಿಯದಾಯಿತು.

ಅದೆಲ್ಲ ಮುಂದಿನ ಮಾತು. ಆವತ್ತು ಕೂಸು ಕುಡಿದು ಮಲಗಿತು. ಅಣ್ಣ ಜಗಲಿಯ ಮೇಲೆ ಕೂತು ಟವಲಿನಲ್ಲಿ ಮುಖ ಮುಚ್ಚಿಕೊಂಡ. ಕೊಟ್ಟಿಗೆಯಲ್ಲಿ ಕರೆಯದ ಹಸು ಒಂದೇ ಸಮನೆ ಕೂಗುತ್ತಿತ್ತು.

“ಹೊತ್ತಾಯ್ತು, ಹೋಗಮ್ಮ,” ಎಂದರು ಅತ್ತೆ.

ಎದೆ ತೊಳೆದುಕೊಂಡು, ಸೆರಗು ಬಿಗಿದು ಹೋದೆ. ಹಸುವಿನ ಮುಖ ನೋಡಲಾಗಲಿಲ್ಲ. ಕರುವಿನ ಹೊಟ್ಟೆಯಿಂದ ಈಚೆ ಬಂದಿದ್ದ ಹುಲ್ಲನ್ನು ಒಳಗೆ ತುರುಕಿದೆ. ಕರಟದಲ್ಲಿದ್ದ ಉಪ್ಪನ್ನೆಲ್ಲ ಅದರ ಬೆನ್ನಿಗೆ, ಕುತ್ತಿಗೆಗೆ, ಕಿವಿಯ ಹಿಂದೆ ಸವರಿ, ಮುಂದೆ ನಿಲ್ಲಿಸಿ, ಚೊಂಬು ಹಿಡಿದು ಕರೆಯಲು ಕುಳಿತೆ.