ಮಗ್ಗುಲ ಮನೆಯ ಆಯಿಯ ದಾಳಿಂಬೆ ಕಷಾಯ

ನಮ್ಮ ಮಗ್ಗುಲ ಮನೆಯ ಆಯಿಯ ಬಲಗೈ ತೋರುಬೆರಳು ಎರಡನೆಯ ಗೆಣ್ಣಿನವರೆಗೆ ಕಪ್ಪಗಿತ್ತು. ಕಬ್ಬಿಣದ ಕಡಾಯಿಯಲ್ಲಿ ದಾಳಿಂಬೆ ಸಿಪ್ಪೆ ಕುದಿಸಿ ಕುದಿಸಿ ಹಿಡಿದ ಬಣ್ಣ, ತೊಳೆದರೆ ಹೋಗುವಂಥದ್ದಲ್ಲ. ಆ ಬೆರಳು ನನ್ನ ಮೂರು ತಿಂಗಳ ಮಗಳ ಬಾಯಿಗೆ ಹೋದರೆ ಏನೇನಾಗಬಹುದೆಂದು ನಾನು ಮೊದಲೇ ಯೋಚಿಸಿಟ್ಟಿದ್ದೆ. ಉಗುರು ತಾಗಬಹುದು. ಕಷಾಯ ನೆತ್ತಿಗೆ ಹತ್ತಬಹುದು. ಭೇದಿ ಹಿಡಿಯಬಹುದು. ಹುಮನಾಬಾದಿನ ದವಾಖಾನೆಯ ಕಂಪೌಂಡರನೇ ತನ್ನ ಕೂಸಿಗೆ ಮುದುಕಿಯ ಕಷಾಯ ಹಚ್ಚಿಸಿದನೆಂಬುದು ಡಾಕ್ಟರ ಕಿವಿಗೆ ಬೀಳಬಹುದು. ಎಲ್ಲಕ್ಕಿಂತ ಕೆಟ್ಟದ್ದು, ಕೂಸಿಗೆ ವಾಸಿಯಾಗಿಬಿಡಬಹುದು.

ಎಳೆಗೂಸುಗಳ ನಾಲಿಗೆಯ ಮೇಲೆ ಕೂಡುವ ಬಿಳಿ ಬೂಷ್ಟು ತೆಗೆಯುವುದರಲ್ಲಿ ಆಕೆ ಹೆಸರುವಾಸಿ. ಚಿಟಗುಪ್ಪದ ಬಸ್ಸಿಳಿದವರು ನೇರ ದವಾಖಾನೆಗೆ ಬರುತ್ತಿದ್ದರು, ಆಯಿಯ ಮನೆ ಎಲ್ಲಿ ಎಂದು ನನ್ನನ್ನು ಕೇಳಲು. ಒಂದೆರಡು ಸಲ ನಾನು ಬೇರೆ ಓಣಿ ತೋರಿಸಿದ್ದೂ ಉಂಟು. ಹೇಗೋ ತಲುಪುತ್ತಿದ್ದರು. ಆ ವಿದ್ಯೆಯನ್ನು ಆಕೆ ತವರೂರು ಬಸವಕಲ್ಯಾಣದಿಂದ ತಂದಿದ್ದಳು. ನಾನೂ ಕಲ್ಯಾಣದವನೇ, ನನಗೆ ಮಾತ್ರ ಅಲ್ಲಿ ಯಾರೂ ಏನೂ ಕಲಿಸಿರಲಿಲ್ಲ.

ಮಗಳಿಗೆ ಬೂಷ್ಟು ಬಂದಾಗ ದವಾಖಾನೆಯ ನೀಲಿ ಔಷಧ ಹಚ್ಚಿದೆ. ಹೋಯಿತು, ವಾರದೊಳಗೆ ಮರಳಿತು. ಮೂರು ಸಲ ಹೀಗೇ. ಕೂಸು ಮೊಲೆಗೆ ಬಾಯಿ ಹಚ್ಚುವುದು, ಚೀರಿ ಬಿಟ್ಟುಬಿಡುವುದು. ತೋಳು ಸಣ್ಣಗಾಗತೊಡಗಿದವು. ಹೆಂಡತಿ ನನ್ನನ್ನು ಕೇಳುವ ಗೋಜಿಗೆ ಹೋಗದೆ ಆಯಿಯನ್ನು ಕರೆತಂದಳು.

ಆಯಿ ಬೆರಳಿಗೆ ಮೆತ್ತನೆಯ ಅರಿವೆ ಸುತ್ತಿ, ಕಷಾಯದಲ್ಲಿ ಅದ್ದಿ, ನಾಲಿಗೆ ಒರೆಸಿದಳು. ಇನ್ನೊಂದು ಅರಿವೆ ಅದ್ದಿ ನನ್ನ ಹೆಂಡತಿಯ ಕೈಗಿತ್ತು ನನ್ನ ಕಡೆ ತಿರುಗಿದಳು.

“ಸಾಹೇಬ, ನೀ ಕೂಸಿನ ಬಾಯಿಗಷ್ಟೇ ಹಚ್ಚಾಕತ್ತಿ. ಅವ್ವನ ಎದಿಗಿ ಯಾರ್ ಹಚ್ಚಬೇಕು? ಅಲ್ಲಿಂದ ಇಲ್ಲಿಗಿ, ಇಲ್ಲಿಂದ ಅಲ್ಲಿಗಿ ತಿರಗಾಕತ್ತದ ಅದು. ಹೆಂಗಸರಿಗಿ ಒಂದ್ ಮಾತ ಕೇಳಬಾರದಾ?”

ಕೇಳಿರಲಿಲ್ಲ. ದವಾಖಾನೆಯಲ್ಲಿ ಕೂಸನ್ನೆತ್ತಿಕೊಂಡು ನನ್ನೆದುರು ನಿಲ್ಲುವವರು ಗಂಡಸರು. ತಾಯಂದಿರು ಸೆರಗು ಹೊದ್ದು ಹೊರಗೆ ಕಟ್ಟೆಯ ಮೇಲೆ. ಹೋಗಲಿ, ಸ್ವಂತ ಹೆಂಡತಿಯನ್ನೂ ಕೇಳಿರಲಿಲ್ಲ.

ಹೊಸ್ತಿಲು ದಾಟುವಾಗ ಆಯಿ, “ನಿನ್ನ ನೀಲಿ ಔಷಧನೂ ಚಲೋನೇ ಅದ” ಅಂದಳು. ಬೈದಿದ್ದರೆ ಸುಖವಾಗಿ ಸಿಟ್ಟಾದರೂ ಆಗುತ್ತಿದ್ದೆ. ಹತ್ತು ದಿನದಲ್ಲಿ ಮಗಳ ನಾಲಿಗೆ ಕೆಂಪಾಯಿತು, ಬೂಷ್ಟು ಮರಳಲಿಲ್ಲ. ನನ್ನ ಹೊಟ್ಟೆಕಿಚ್ಚಿಗೆ ಮಾತ್ರ ಯಾವ ಕಷಾಯವೂ ತಾಗಲಿಲ್ಲ.

ಅಂದಿನಿಂದ ಕಟ್ಟೆಗೇ ಹೋಗಿ, ಗೋಡೆ ನೋಡುತ್ತ, ಕಿವಿ ಕೆಂಪು ಮಾಡಿಕೊಂಡು ತಾಯಂದಿರನ್ನು ಕೇಳತೊಡಗಿದೆ. ತಾಯಿ, ಕೂಸು ಇಬ್ಬರಿಗೂ ಔಷಧ ಕೊಟ್ಟೆ. ಕೂಸುಗಳು ಮತ್ತೆ ಮತ್ತೆ ಬರುವುದು ನಿಂತಿತು.

ಎಷ್ಟೋ ವರ್ಷಗಳ ಮೇಲೆ ಆಯಿ ತೀರಿಕೊಂಡಳು. ಅದೇ ವಾರ, ಹೊಸದಾಗಿ ಬಂದ ಡಾಕ್ಟರು ನನ್ನ ಪದ್ಧತಿಯನ್ನು ಮೆಚ್ಚಿ, ತಾಯಿಗೂ ಹಚ್ಚುವುದನ್ನು ಯಾರು ಕಲಿಸಿದರೆಂದು ಕೇಳಿದರು. ಕೋಣೆಯಲ್ಲಿ ನಾವಿಬ್ಬರೇ. ನೌಕರಿಗೆ ಧಕ್ಕೆಯಿರಲಿಲ್ಲ. ನಾನು ಹೊಟ್ಟೆಕಿಚ್ಚು ಪಡಲು ಆಕೆಯೂ ಉಳಿದಿರಲಿಲ್ಲ.

“ಯಾರೂ ಇಲ್ರಿ” ಅಂದೆ. “ಮಾಡ್ತ ಮಾಡ್ತ ನನಗೇ ತಿಳೀತು.”