ಪತ್ತೇದಾರನ ಗ್ಲಾಸಿನ ಟೀ

ಬೆಳಿಗ್ಗೆ ಮಾಡಿಟ್ಟು ಮರೆತಿದ್ದ ಕಪ್ಪು ಟೀ ಸಂಜೆ ಕಣ್ಣಿಗೆ ಬಿತ್ತು. ತಣ್ಣಗಾದ ಟೀಗೊಂದು ಒಗರು ವಾಸನೆ ಇರುತ್ತದೆ. ಅದು ಮೂಗಿಗೆ ಬಡಿದದ್ದೇ ತಡ, ಐರ್ಲೆಂಡಿನ ಗಾಲ್ವೇಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ನೆನಪಾದರು...

ಮೈಸೂರಿನವರು. ಕುಡಿದು ಕುಡಿದು ಲಿವರ್ ಹಾಳು ಮಾಡಿಕೊಂಡಿದ್ದರು. ಬೇರೆ ಲಿವರ್ ಹಾಕಲು ಡಬ್ಲಿನ್‌ನ ಆಸ್ಪತ್ರೆಯಿಂದ ಫೋನ್ ಬರಬೇಕಿತ್ತು. ಅಲ್ಲಿಯವರೆಗೆ ಒಂದು ಗುಟುಕು ಕುಡಿದರೂ ಆಪರೇಷನ್ ಇಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಫೋನ್ ರಿಂಗಾದಾಗಲೆಲ್ಲ ಅಪ್ಪ, ಮಗಳು ಇಬ್ಬರೂ ಅದರತ್ತ ಓಡುತ್ತಿದ್ದರು.

ಕಾಯುವ ಸಂಕಟದಲ್ಲಿ ಅಂಕಲ್ ಹಿಡಿದುಕೊಂಡದ್ದು ಹಾಲಿವುಡ್‌ನ ಒಂದು ಹಳೆಯ ಕಪ್ಪು-ಬಿಳುಪು ಸಿನಿಮಾವನ್ನು. ಪತ್ತೇದಾರ ಗಂಡ, ಅವನ ಹೆಂಡತಿ, ಇಬ್ಬರೂ ಕುಡಿಯುತ್ತ, ನಗಿಸುತ್ತ ಕೊಲೆಗಾರನನ್ನು ಹಿಡಿಯುವ ಕಥೆ. ಅದರ ತೆರೆಮರೆಯ ಸಂಗತಿಗಳೆಂದರೆ ಅವರಿಗೆ ಪ್ರಾಣ.

"ಅದರಲ್ಲೊಂದು ನಾಯಿ ಇದೆಯಲ್ಲ, ಹೀರೋಯಿನ್‌ಗೇ ಕಚ್ಚಿಬಿಡ್ತಂತೆ! ರಿಹರ್ಸಲ್ ಅಂತ ಹೇಳಿ ಹೀರೋನ ಸೀನನ್ನೇ ಶೂಟ್ ಮಾಡ್ಬಿಟ್ರಂತೆ. ಇನ್ನು ಗ್ಲಾಸಲ್ಲಿದ್ದಿದ್ದು ವಿಸ್ಕಿ ಅಲ್ಲಮ್ಮ, ತಣ್ಣಗಿನ ಟೀ!"

ಆಮೇಲೆ ತಾವೂ ವಿಸ್ಕಿ ಗ್ಲಾಸಿಗೆ ಟೀ ಸುರಿದುಕೊಂಡು ಕೂರತೊಡಗಿದರು. ಬರಿಗೈ ನಡುಗುತ್ತಿತ್ತು. ಗ್ಲಾಸ್ ಹಿಡಿದರೆ ಸ್ವಲ್ಪ ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ನಾನು ಅಲ್ಲಿ ಕೂತಿದ್ದಾಗ ಅವರ ಮಗಳು ಆಫೀಸಿನಿಂದ ಬೇಗ ಬಂದಳು. ಗ್ಲಾಸ್ ನೋಡಿ ಬಾಗಿಲಲ್ಲೇ ನಿಂತಳು.

"ಅಪ್ಪಾ, ಏನದು?"

"ಟೀ."

"ಇಲ್ಲಿ ಕೊಡಿ."

ಅಂಕಲ್ ಗ್ಲಾಸನ್ನು ಎದೆಗೆ ಒತ್ತಿಕೊಂಡರು. "ಮೂಸಿ ನೋಡ್ತೀಯಾ? ನನ್ನ ಮಾತು ಸಾಲ್ದಾ?"

"ಎಷ್ಟು ಸಲ ನಂಬ್ಲಿ ಅಪ್ಪಾ? ಈಗ್ಲೇ ಡಾಕ್ಟರಿಗೆ ಹೇಳ್ತೀನಿ. ಆ ಲಿವರ್ ಬೇರೆ ಯಾರಿಗಾದ್ರೂ ಸಿಗ್ಲಿ." ಮೊಬೈಲ್ ತೆಗೆದು ನಂಬರ್ ಹುಡುಕತೊಡಗಿದಳು.

ಅದು ಟೀಯೇ ಎಂಬ ಖಾತ್ರಿ ನನಗೂ ಇರಲಿಲ್ಲ. ಎದ್ದು ಅಂಕಲ್ ಕೈಯಿಂದ ಗ್ಲಾಸ್ ಕಿತ್ತುಕೊಂಡೆ. ಇನ್ನೊಬ್ಬರ ಎಂಜಲಿಗೆ ಬಾಯಿ ಇಡದ ಮನೆಯಲ್ಲಿ ಬೆಳೆದವಳು ನಾನು. ಆ ಗಾಬರಿಯಲ್ಲೂ ತಲೆಯೆತ್ತಿ, ಮೇಲಿನಿಂದಲೇ ಬಾಯಿಗೆ ಸುರಿದುಕೊಂಡೆ. ಅರ್ಧ ಸ್ವೆಟರ್ ಮೇಲೆ ಚೆಲ್ಲಿತು. ಮಿಕ್ಕಿದ್ದು ಒಗರೊಗರು, ಸಕ್ಕರೆಯಿಲ್ಲದ ಟೀ.

"ಟೀನೇ ಕಣೇ," ಎಂದೆ.

ಅವಳು ಸೋಫಾದಲ್ಲಿ ಕುಸಿದು ಅತ್ತಳು. ಅಂಕಲ್ ಕಣ್ಣೊರೆಸಿಕೊಂಡು ನನ್ನನ್ನು ರೇಗಿಸಿದರು: "ಇಂಥ ಹೊತ್ತಲ್ಲೂ ಎತ್ತಿ ಕುಡಿದ್ಯಲ್ಲಮ್ಮ! ಕಚ್ಚಿ ಕುಡಿದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಡಬ್ಲಿನ್‌ನ ಫೋನ್ ಕೊನೆಗೂ ಬರಲಿಲ್ಲ... ಅಂಕಲ್ ಹೋಗಿಬಿಟ್ಟರು. ಕೊನೆಯವರೆಗೂ ಒಂದು ತೊಟ್ಟು ಕುಡಿಯಲಿಲ್ಲ. ಗ್ಲಾಸನ್ನು ಮಗಳು ನನಗೇ ಕೊಟ್ಟಳು.

ಇವತ್ತು ತಣ್ಣಗಾದ ಟೀಯನ್ನು ಆ ಗ್ಲಾಸಿಗೇ ಬಗ್ಗಿಸಿಕೊಂಡೆ. ಅಭ್ಯಾಸಬಲದಿಂದ ಮೇಲೆತ್ತಿದ ಕೈಯನ್ನು ಕೆಳಗಿಳಿಸಿ, ಅಂಚಿಗೆ ತುಟಿಯಿಟ್ಟು ಕಚ್ಚಿಯೇ ಕುಡಿದೆ. ನೋಡಿ ರೇಗಿಸಲು ಅಂಕಲ್ ಇರಲಿಲ್ಲ.