ಚೆಂಡು ಹುಡುಕುವಷ್ಟು ಹೊತ್ತು

ನಾನು ಆರನೇ ತರಗತಿ ಮುಗಿಸಿದ ವರ್ಷ, ಏಪ್ರಿಲ್ ತಿಂಗಳ ಮೊದಲ ಭಾನುವಾರ, ಅಪ್ಪ ನನ್ನನ್ನು ಗಾಲ್ಫ್ ಆಡಲು ಕರೆದುಕೊಂಡು ಹೋದರು. ಅದಕ್ಕೆ ಎರಡು ತಿಂಗಳ ಮೊದಲು ಅವರು ಜಯನಗರದ ನಮ್ಮ ಮನೆ ಬಿಟ್ಟು ಜರಗನಹಳ್ಳಿಯಲ್ಲಿ ಒಂದು ಬಾಡಿಗೆ ಕೋಣೆಗೆ ಹೋಗಿದ್ದರು.

ಆಗ ಕನಕಪುರ ರಸ್ತೆಯಲ್ಲಿ ಮೆಟ್ರೊ ಇರಲಿಲ್ಲ. ಕೋಣನಕುಂಟೆ ದಾಟಿದರೆ ಎರಡೂ ಬದಿಗೆ ಖಾಲಿ ಸೈಟುಗಳು, ಕಲ್ಲುಕಂಬದ ಬೇಲಿಗಳು, ನಡುವೆ ಅಲ್ಲಲ್ಲಿ ಉಳಿದ ರಾಗಿ ಹೊಲ. ಒಂದು ಕಡೆ ಮಣ್ಣುದಾರಿಗೆ ತಿರುಗಿ ಸ್ವಲ್ಪ ದೂರ ಹೋದರೆ ಒಂಬತ್ತು ಗುಳಿಗಳ ಗಾಲ್ಫ್ ಮೈದಾನ ಸಿಗುತ್ತಿತ್ತು. ಅಲ್ಲಿ ಸದಸ್ಯತ್ವ ಬೇಕಿರಲಿಲ್ಲ, ಯಾರ ಶಿಫಾರಸೂ ಬೇಕಿರಲಿಲ್ಲ. ತಗಡಿನ ಶೆಡ್ಡಿನ ಕೌಂಟರಿನಲ್ಲಿ ಚೀಟಿ ತೆಗೆದುಕೊಂಡವರೆಲ್ಲ ಆಡಬಹುದಿತ್ತು. ಕೋಲುಗಳೂ ಬಾಡಿಗೆಗೆ ಸಿಗುತ್ತಿದ್ದವು. ಇಬ್ಬರು ಸಿನಿಮಾಕ್ಕೆ ಹೋಗುವುದಕ್ಕಿಂತ ಇದು ಅಗ್ಗ ಎಂದು ಅಪ್ಪ ಹೇಳಿದ್ದು ನೆನಪಿದೆ.

ಟಿವಿಯಲ್ಲಿ ಕಾಣುವ ಹಸಿರು ಅಲ್ಲಿರಲಿಲ್ಲ. ಬೇಸಿಗೆಯಲ್ಲಿ ಹುಲ್ಲು ಒಣಗಿ ಹಳೆಯ ಚಾಪೆಯ ಬಣ್ಣಕ್ಕೆ ತಿರುಗಿತ್ತು. ನೀರು ಹಾಯಿಸಲು ಆಗದ ಕಾರಣ ಗುಳಿಯ ಸುತ್ತ ಹುಲ್ಲಿನ ಬದಲು ಮರಳಿಗೆ ಹಳೆಯ ಎಂಜಿನ್ ಎಣ್ಣೆ ಕಲಸಿ ಹಾಸಿದ್ದರು. ಅದಕ್ಕೆ ‘ಬ್ರೌನ್’ ಎನ್ನುತ್ತಿದ್ದರು. ಬಿಸಿಲು ಏರಿದಂತೆ ಅದರಿಂದ ಸ್ಕೂಟರ್ ಗ್ಯಾರೇಜಿನ ವಾಸನೆ ಏಳುತ್ತಿತ್ತು. ಆಡಿ ಮುಗಿಸಿದವರು ಹಿಂದೆ ಬರುವವರಿಗಾಗಿ ತಮ್ಮ ಹೆಜ್ಜೆಗುರುತು ಅಳಿಸಿ ಹೋಗಬೇಕು. ಹಗ್ಗ ಕಟ್ಟಿದ ನಾರಿನ ಚಾಪೆಯೊಂದು ಪ್ರತಿ ಗುಳಿಯ ಪಕ್ಕದಲ್ಲೂ ಬಿದ್ದಿರುತ್ತಿತ್ತು. ಅದನ್ನು ಎಳೆಯುವುದು ನನ್ನ ಕೆಲಸ. ಮನೆಗೆ ಹೋದ ಮೇಲೂ ಅಂಗೈ ಎಣ್ಣೆ ನಾರುತ್ತಿತ್ತು. ಅಮ್ಮ ಏನೂ ಕೇಳದೆ ಸೋಪು ಕೊಡುತ್ತಿದ್ದಳು.

ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರಭಾಗಗಳ ಡ್ರಾಯಿಂಗ್ ಮಾಡುತ್ತಿದ್ದರು. ವರ್ಗವಾಗಿ ಹೋದ ಅಧಿಕಾರಿಯೊಬ್ಬರು ಬಿಟ್ಟುಹೋದ ಹಳೆಯ ಕೋಲುಗಳು ಅವರ ಕೈಗೆ ಬಂದಿದ್ದವು. ಭಾನುವಾರ ಮಗಳನ್ನು ಕರೆದುಕೊಂಡು ಎಲ್ಲಿಗಾದರೂ ಹೋಗಬೇಕಿತ್ತು. ಮೊದಲ ಕೆಲವು ಭಾನುವಾರ ಹೋಟೆಲಿಗೆ ಹೋದೆವು. ದೋಸೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಆಮೇಲೆ ಏನು ಮಾತಾಡುವುದೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಗಾಲ್ಫಿಗೆ ಕರೆದುಕೊಂಡು ಹೋದದ್ದು ಅದಾದ ಮೇಲೆ.

ಆ ಬೇಸಿಗೆ ನಾನು ನಮ್ಮ ಬೀದಿಯಲ್ಲಿ ಆಡುವುದನ್ನು ಬಿಟ್ಟಿದ್ದೆ. ಲಗೋರಿಗೆ ಕಲ್ಲು ಜೋಡಿಸುತ್ತಿದ್ದಾಗ ಎದುರು ಮನೆಯ ಹುಡುಗಿ, “ನಿಮ್ಮಪ್ಪ ದುಬೈಗೆ ಹೋಗಿದಾರಂತೆ, ಹೌದೇನೇ?” ಎಂದು ಕೇಳಿದ್ದಳು. ಹಾಗೆ ಯಾರು ಹೇಳಿದರೋ ಗೊತ್ತಿಲ್ಲ. ನಾನು ಹೌದು ಎಂದೆ. ಮರುದಿನದಿಂದ ಕಿಟಕಿಯ ಬಳಿ ಕುಳಿತು ಆಡುವವರ ಕೂಗು ಕೇಳಿಸಿಕೊಳ್ಳುತ್ತಿದ್ದೆ.

ಗಾಲ್ಫಿನಲ್ಲಿ ಮೊದಲು ಕಲಿತ ನಿಯಮ ಮೌನ. “ಯಾರಾದ್ರೂ ಹೊಡೆಯೋವಾಗ ಉಸಿರು ಬಿಡೋದೂ ಕೇಳಿಸ್ಬಾರ್ದು, ಪುಟ್ಟಾ” ಎಂದು ಅಪ್ಪ ಹೇಳಿಕೊಟ್ಟರು. ನನಗೆ ಅದು ಕಷ್ಟವಾಗಲಿಲ್ಲ. ಮನೆಯಲ್ಲಿ ಒಂದು ವರ್ಷದಿಂದ ಅದೇ ಅಭ್ಯಾಸವಾಗಿತ್ತು. ಅಪ್ಪ ಅಮ್ಮ ಜಗಳವಾಡುತ್ತಿರಲಿಲ್ಲ. ಸಾರು ಬೇಕಿದ್ದರೆ, ಬಾಗಿಲು ಹಾಕಬೇಕಿದ್ದರೆ ನನಗೆ ಹೇಳುತ್ತಿದ್ದರು. ನಾನು ಇನ್ನೊಬ್ಬರಿಗೆ ಹೇಳುತ್ತಿದ್ದೆ.

ಮಾತು ಶುರುವಾದದ್ದು ಚೆಂಡು ಕಳೆದುಹೋದಾಗ. ನಾಲ್ಕನೇ ಗುಳಿಯ ಬಲಕ್ಕೆ ಉದ್ದಕ್ಕೂ ಲಂಟಾನ ಪೊದೆ ಬೆಳೆದಿತ್ತು. ಅಪ್ಪನ ಚೆಂಡು ಸಾಮಾನ್ಯವಾಗಿ ಬಲಕ್ಕೇ ಬಾಗುತ್ತಿತ್ತು. ಕಳೆದ ಚೆಂಡನ್ನು ಹುಡುಕಲು ಆಟದ ನಿಯಮ ಆಗ ಐದು ನಿಮಿಷ ಕೊಡುತ್ತಿತ್ತು, ಈಗ ಮೂರಕ್ಕೆ ಇಳಿಸಿದ್ದಾರೆ. ಇಬ್ಬರೂ ಪೊದೆಯೊಳಗೆ ಇಳಿದು, ನೆಲ ನೋಡುತ್ತಾ, ಕೋಲಿನಿಂದ ಎಲೆ ಸರಿಸುತ್ತಾ ನಡೆಯುತ್ತಿದ್ದೆವು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ.

“ಅಮ್ಮ ಥೈರಾಯ್ಡ್ ಮಾತ್ರೆ ಸರಿಯಾಗಿ ತಗೋತಿದಾಳಾ?” ಅಪ್ಪ ಮೊದಲ ಸಲ ಕೇಳಿದ್ದು ಅಲ್ಲಿ.

“ಹ್ಞೂಂ. ನಿಮ್ ರೂಮಲ್ಲಿ ಫ್ಯಾನ್ ಇದ್ಯಾ?”

“ಇದೆ. ಕಿರಿಚ್ಕೊಳ್ಳುತ್ತೆ. ನಿದ್ದೆ ಬರಲ್ಲ ಅಂತ ಆಫ್ ಮಾಡಿದ್ರೆ ಸೊಳ್ಳೆ ಕಿರಿಚ್ಕೊಳ್ಳುತ್ತೆ.”

ಚೆಂಡು ಸಿಕ್ಕಿದ ತಕ್ಷಣ ಮಾತು ನಿಲ್ಲುತ್ತಿತ್ತು. ಉಳಿದ ಗುಳಿಗಳನ್ನು ಆಡಿ ಮುಗಿಸಿ, ಗೇಟಿನ ಹೊರಗೆ ಗಾಡಿಯವನ ಹತ್ತಿರ ಉಪ್ಪುಖಾರ ಹಚ್ಚಿದ ಮಾವಿನಕಾಯಿ ತಿಂದು, ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದೆವು. ಅಪ್ಪ ಬೀದಿಯ ತಿರುವಿನಲ್ಲೇ ನನ್ನನ್ನು ಇಳಿಸುತ್ತಿದ್ದರು.

ನನಗೆ ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಮನೆಗೆ ಯಾವಾಗ ಬರುತ್ತೀರಿ? ಅಮ್ಮನನ್ನು ಕೇಳಿದರೆ “ನಿಮ್ಮಪ್ಪನ್ನೇ ಕೇಳು” ಎನ್ನುತ್ತಿದ್ದಳು. ಫೋನಿನಲ್ಲಿ ಕೇಳುವುದು ಆಗಲಿಲ್ಲ, ಪಕ್ಕದಲ್ಲಿ ಅಮ್ಮ ಇರುತ್ತಿದ್ದಳು. ಸ್ಕೂಟರಿನಲ್ಲಿ ಗಾಳಿ. ನಾಲ್ಕನೇ ಗುಳಿಯ ಪೊದೆಯಲ್ಲಿ ಕೇಳಬೇಕೆಂದು ತೀರ್ಮಾನಿಸಿದೆ.

ಆ ತೀರ್ಮಾನ ಮಾಡಿಕೊಂಡು ಹೋದ ಭಾನುವಾರ ಕೌಂಟರಿನವನು ಕೈ ಅಡ್ಡ ಹಿಡಿದ.

“ಸಾರ್, ಭಾನುವಾರ ಇಬ್ಬಿಬ್ರನ್ನ ಬಿಡಲ್ಲ. ಹಿಂದೆ ಎಷ್ಟ್ ರಶ್ ಇದೆ ನೋಡಿ. ಈ ಮೇಡಂ ಒಬ್ರೇ ಇದಾರೆ, ಸೇರಿಸ್ಕೊಳ್ಳಿ.”

ಅಲ್ಲಿಯ ಪದ್ಧತಿ ಅದು. ಒಬ್ಬರೇ ಬಂದವರನ್ನು, ಇಬ್ಬರೇ ಬಂದವರನ್ನು ಒಟ್ಟು ಸೇರಿಸಿ ಗುಂಪು ಮಾಡಿ ಕಳಿಸುತ್ತಿದ್ದರು. ನಮ್ಮ ಪಾಲಿಗೆ ಬಂದವರು ಸರೋಜಾ ಆಂಟಿ. ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದು ನಿವೃತ್ತರಾದವರು. ತಿಲಕ್ ನಗರದಲ್ಲಿ ಒಬ್ಬರೇ ಇದ್ದರು. ಚೂಡಿದಾರದ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ತಲೆಗೆ ಕ್ರಿಕೆಟ್ ಟೋಪಿ, ಹೆಗಲಿಗೆ ಹಳೆಯ ಕ್ರಿಕೆಟ್ ಕಿಟ್ಟಿನ ಚೀಲದಲ್ಲಿ ನಾಲ್ಕೈದು ಕೋಲು. ಎರಡು ಬಸ್ಸು ಬದಲಿಸಿ ಬರುತ್ತಿದ್ದರು.

“ನಿನ್ ಹೆಸರೇನಮ್ಮ?”

“ವೀಣಾ.”

“ಶ್ರುತಿ ಸರಿಯಿಲ್ವಾ? ಮುಖ ಯಾಕೆ ಹಂಗಿದೆ?”

ಅಪ್ಪ ನಕ್ಕರು. ಅವರು ನಕ್ಕ ಸದ್ದು ಕೇಳಿ ಬಹಳ ದಿನವಾಗಿತ್ತು.

ನಾಲ್ಕನೇ ಗುಳಿಯಲ್ಲಿ ಅಪ್ಪನ ಚೆಂಡು ಎಂದಿನಂತೆ ಬಲಕ್ಕೆ ಬಾಗಿ ಪೊದೆ ಸೇರಿತು. ನಾನು ಸಿದ್ಧಳಾಗಿ ಹೊರಟೆ. ಸರೋಜಾ ಆಂಟಿ ನನಗಿಂತ ಮುಂದೆ ಸರಸರ ನಡೆದು, ವಾಲಿದ ನೀಲಗಿರಿ ಮರವೊಂದರ ಹತ್ತಿರ ನಿಂತು, ಕಾಲಿನಿಂದ ಒಂದು ಕೊಂಬೆ ಒತ್ತಿ ಹಿಡಿದರು.

“ಇಲ್ಲಿದೆ ಸಾರ್, ನಿಮ್ ಚೆಂಡು.”

“ಸಖತ್ ಕಣ್ಣು ಮೇಡಂ ನಿಮ್ದು!”

“ಜೀವಮಾನ ಎಲ್ಲ ಶಾಟ್‌ಪುಟ್ ಎಲ್ಲಿ ಬಿತ್ತು ಅಂತ ನೋಡಿದ್ ಕಣ್ಣಲ್ವಾ. ಮಕ್ಳು ಎಸೀತಾರೆ, ನಾವು ಬಿದ್ ಜಾಗದಿಂದ ಕಣ್ ತೆಗೀಬಾರ್ದು. ತೆಗೆದ್ರೆ ಮುಗೀತು, ಜಗಳಕ್ಕೇ ಬರ್ತಾರೆ.”

ಅದರ ಮುಂದಿನ ಭಾನುವಾರವೂ, ಅದರ ಮುಂದಿನ ವಾರವೂ ಅವರು ನಮ್ಮ ಜೊತೆಗಿದ್ದರು. ಅಪ್ಪನೇ ಕೌಂಟರಿನಲ್ಲಿ “ಮೇಡಂ ಬಂದ್ರಾ?” ಎಂದು ಕೇಳತೊಡಗಿದರು. ಚೆಂಡು ಪೊದೆಯಲ್ಲಿರಲಿ, ಚರಂಡಿಯಲ್ಲಿರಲಿ, ಆಂಟಿ ನೇರ ಅಲ್ಲಿಗೇ ಹೋಗಿ ನಿಲ್ಲುತ್ತಿದ್ದರು. ಮೇ ತಿಂಗಳಿಡೀ ನಮ್ಮ ಒಂದು ಚೆಂಡೂ ಕಳೆಯಲಿಲ್ಲ. ಅಪ್ಪನ ಆಟ ಸುಧಾರಿಸಿತು. ಅವರಿಬ್ಬರೂ ಪಿಂಚಣಿ, ಬಸ್ಸು, ಕೋಲಿನ ಹಿಡಿತದ ಬಗ್ಗೆ ಮಾತಾಡುತ್ತಾ ಮುಂದೆ ನಡೆಯುತ್ತಿದ್ದರು. ನಾನು ಬ್ರೌನಿನ ಮೇಲೆ ಚಾಪೆ ಎಳೆದು ಮುಗಿಸಿ ಹಿಂದಿನಿಂದ ಹೋಗುತ್ತಿದ್ದೆ.

ಶಾಲೆ ತೆರೆಯುವ ಹಿಂದಿನ ಭಾನುವಾರ ಬಂತು. ಹಿಂದಿನ ದಿನ ಮಳೆಯಾಗಿತ್ತು. ಮೂರನೇ ಗುಳಿಯ ಪಕ್ಕದ ನಲ್ಲಿಯಲ್ಲಿ ನಾನು ಕೈ ತೊಳೆಯುತ್ತಿದ್ದೆ. ಅಪ್ಪ ಮುಂದೆ ಹೋಗಿದ್ದರು. ಆಂಟಿ ನೀರು ಕುಡಿಯಲು ನಿಂತರು.

“ಏನಮ್ಮ ವೀಣಾ, ನನ್ ಜೊತೆ ಮೌನವ್ರತನಾ? ಒಂದ್ ತಿಂಗಳಾಯ್ತು, ಹ್ಞೂಂ ಊಹ್ಞೂಂ ಬಿಟ್ರೆ ಮಾತಿಲ್ಲ.”

ನಾನು ಅಂಗೈಯನ್ನು ಇನ್ನಷ್ಟು ಉಜ್ಜಿದೆ.

“ನಾನು ಬರೋದು ಇಷ್ಟ ಇಲ್ವಾ? ಹೇಳು, ಬೈಯಲ್ಲ. ಟೀಚರ್ ಕೆಲಸ ಬಿಟ್ಟಾಯ್ತು.”

“ನೀವು ಚೆಂಡು ಬೇಗ ಹುಡುಕ್ಬಿಡ್ತೀರ.”

“ಅದಕ್ಕೇನೀಗ?”

“ಹುಡುಕೋವಾಗ ಮಾತ್ರ ಅಪ್ಪ ಮಾತಾಡ್ತಾರೆ. ನಾನು ಒಂದು ಕೇಳ್ಬೇಕು.”

ಅವರು ನಲ್ಲಿ ನಿಲ್ಲಿಸಿದರು. ಏನು ಕೇಳಬೇಕು ಎಂದು ವಿಚಾರಿಸಲಿಲ್ಲ. ದುಪಟ್ಟದಿಂದ ಬಾಯಿ ಒರೆಸಿಕೊಂಡು, “ನಡಿ, ನಿಮ್ಮಪ್ಪ ಕಾಯ್ತಿದಾರೆ” ಎಂದರು.

ನಾಲ್ಕನೇ ಗುಳಿಯಲ್ಲಿ ಅಪ್ಪ ಹೊಡೆದರು. ಚೆಂಡು ಬಲಕ್ಕೆ ಹೋಯಿತು. ಆಂಟಿ ಅದು ಬಿದ್ದ ಕಡೆಯೇ ನೋಡುತ್ತಾ ನಿಂತಿದ್ದರು. ಆಮೇಲೆ ಟೋಪಿ ಕೆಳಗೆಳೆದುಕೊಂಡರು.

“ಥತ್, ಬಿಸಿಲು ಕಣ್ಣಿಗೇ ಹೊಡೀತು ಸಾರ್. ಕಾಣಿಸ್ಲಿಲ್ಲ. ನೀವಿಬ್ರೂ ಹುಡುಕ್ತಿರಿ, ನನಗೆ ಮಂಡಿ ನೋವು, ಇಲ್ಲೇ ನಿಂತಿರ್ತೀನಿ.”

ಆಕಾಶದಲ್ಲಿ ಮೋಡವಿತ್ತು.

ಪೊದೆಯೊಳಗೆ ನೆಲ ಒದ್ದೆಯಾಗಿತ್ತು. ಮಳೆಗೆ ಲಂಟಾನ ಚಿಗುರಿ, ಎಲೆ ತಾಗಿದರೆ ಘಾಟು ಮೂಗಿಗೆ ಹೊಡೆಯುತ್ತಿತ್ತು. ಅಪ್ಪ ಮುಂದೆ, ನಾನು ಹಿಂದೆ.

“ಅಪ್ಪಾ, ಮನೆಗೆ ಯಾವಾಗ ಬರ್ತೀರಾ?”

“ಬುಧವಾರ ಬರ್ತೀನಲ್ಲ, ನಿನ್ ಪುಸ್ತಕ ತಂದ್ಕೊಡೋಕೆ. ತಿರುವಿನ ಹತ್ರ ಬಾ.”

“ಅದಲ್ಲ. ಇರೋಕೆ.”

ಕೋಲು ನಿಂತಿತು.

“ಅಮ್ಮ ಕೇಳು ಅಂದ್ಳಾ?”

“ಇಲ್ಲ. ನಾನೇ.”

ರಸ್ತೆಯ ಕಡೆಯಿಂದ ಬಸ್ಸೊಂದು ಗೇರ್ ಬದಲಿಸಿದ ಸದ್ದು ಬಂತು. ಅಪ್ಪ ನನ್ನ ಕಡೆ ತಿರುಗಲಿಲ್ಲ.

“ಬರಲ್ಲ ಪುಟ್ಟಾ. ನಿನ್ ಹತ್ರ ಸುಳ್ಳು ಹೇಳಲ್ಲ. ನಾನು, ಅಮ್ಮ ಒಂದೇ ಮನೇಲಿ ಇರೋಕಾಗಲ್ಲ.”

“ನೀವು ಜಗಳಾನೇ ಆಡ್ತಿರ್ಲಿಲ್ವಲ್ಲ.”

“ಆಡಿದ್ರೆ ಚೆನ್ನಾಗಿತ್ತೇನೋ.”

ಹಿಂದಿನ ಗುಂಪು ಬಂದು ಕಾಯುತ್ತಿತ್ತು. ಅವರಲ್ಲೊಬ್ಬ ಕೂಗಿದ, “ಏನ್ ಸಾರ್, ಚೆಂಡು ಹುಡುಕ್ತಿದೀರೋ, ಸೈಟ್ ಹುಡುಕ್ತಿದೀರೋ?”

ಉತ್ತರ ಕೊಟ್ಟದ್ದು ಸರೋಜಾ ಆಂಟಿ. “ಅರ್ಜೆಂಟ್ ಇದ್ರೆ ನೀವ್ ಮುಂದೆ ಹೋಗ್ರಿ ಸ್ವಾಮಿ! ಗುಳಿ ಎದ್ದು ಓಡಿಹೋಗಲ್ಲ.”

“ಐದು ನಿಮಿಷ ಆಯ್ತು ಮೇಡಂ. ರೂಲ್ಸ್ ಇದೆ.”

“ರೂಲ್ಸ್ ನನಗೂ ಗೊತ್ತು. ಹೊಡೀರಿ, ಹೋಗಿ.”

ಆ ನಾಲ್ವರು ಒಬ್ಬೊಬ್ಬರಾಗಿ ಹೊಡೆದು, ನಮ್ಮತ್ತ ನೋಡುತ್ತಾ ಮುಂದೆ ಹೋದರು. ಅವರು ದಾಟುವ ತನಕ ಅಪ್ಪ ಮತ್ತು ನಾನು ಪೊದೆಯ ನಡುವೆ ನಿಂತಿದ್ದೆವು. ಅಪ್ಪ ನನ್ನ ತಲೆಯ ಮೇಲೆ ಕೈ ಇಟ್ಟಿದ್ದರು. ಚೆಂಡು ಸಿಗಲಿಲ್ಲ.

ಉಳಿದ ಗುಳಿಗಳನ್ನು ಆಡಿ ಮುಗಿಸಿದೆವು. ಮಾವಿನಕಾಯಿಯ ಗಾಡಿ ಅಂದು ಬಂದಿರಲಿಲ್ಲ. ಬಸ್ ಸ್ಟಾಪಿನಲ್ಲಿ ಆಂಟಿ ನನ್ನ ಭುಜ ತಟ್ಟಿ, “ಚೆನ್ನಾಗಿ ಓದು” ಎಂದರು. ಅಪ್ಪ ನನ್ನನ್ನು ಬೀದಿಯ ತಿರುವಿನಲ್ಲಿ ಇಳಿಸಿದರು. ಮನೆಯಲ್ಲಿ ಅಮ್ಮ ಸೋಪು ಕೊಟ್ಟಳು. ಅವಳಿಗೆ ನಾನು ಏನೂ ಹೇಳಲಿಲ್ಲ.

ಶಾಲೆ ಶುರುವಾದ ಮೇಲೆ ಭಾನುವಾರ ಬೆಳಗ್ಗೆ ಗಣಿತದ ಟ್ಯೂಷನ್ ಇಟ್ಟರು. ಮಳೆಗಾಲ ಮುಗಿಯುವಷ್ಟರಲ್ಲಿ ಅಪ್ಪ ಕೆಲಸ ಬದಲಿಸಿ ಹೊಸೂರಿಗೆ ಹೋದರು. ವಾರದ ಭೇಟಿ ತಿಂಗಳಿಗೊಮ್ಮೆಯಾಯಿತು, ಆಮೇಲೆ ಹಬ್ಬಕ್ಕೊಮ್ಮೆ. ಸರೋಜಾ ಆಂಟಿಯನ್ನು ಮತ್ತೆ ನೋಡಲಿಲ್ಲ. ಅವರ ಮನೆ ತಿಲಕ್ ನಗರದಲ್ಲಿ ಎಲ್ಲಿ ಎಂದು ಅಪ್ಪನಿಗೂ ಗೊತ್ತಿರಲಿಲ್ಲ. ಮೈದಾನ ಕೆಲವು ವರ್ಷಗಳ ನಂತರ ಮುಚ್ಚಿತು. ಆ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ. ನಾಲ್ಕನೇ ಗುಳಿ ಎಲ್ಲಿತ್ತು ಎಂದು ಗುರುತಿಸಲು ಒಮ್ಮೆ ಪ್ರಯತ್ನಿಸಿದೆ, ಆಗಲಿಲ್ಲ.

ಅಪ್ಪ ಮತ್ತು ನಾನು ಅದಾದ ಮೇಲೆ ಹಲವು ಸಲ ಭೇಟಿಯಾಗಿದ್ದೇವೆ. ಹೋಟೆಲಿನಲ್ಲಿ, ಮದುವೆಮನೆಗಳಲ್ಲಿ, ನನ್ನ ಕಾಲೇಜಿನ ಗೇಟಿನಲ್ಲಿ. ಎಲ್ಲ ಕಡೆಯೂ ಎದುರುಬದುರು ಕುಳಿತು ಅಥವಾ ನಿಂತು ಮಾತಾಡಿದ್ದೇವೆ. ಆರೋಗ್ಯ, ಕೆಲಸ, ಬೆಲೆ, ಮಳೆ. ಕೇಳಿದ್ದಕ್ಕೆ ಉತ್ತರ, ಅಷ್ಟೇ.

ಕಳೆದ ಜನವರಿಯಲ್ಲಿ ಅಮ್ಮನಿಗೆ ಶಸ್ತ್ರಚಿಕಿತ್ಸೆ ಆಯಿತು. ಅಪ್ಪ ಹೊಸೂರಿನಿಂದ ಬಂದು ಎರಡು ದಿನ ಆಸ್ಪತ್ರೆಯಲ್ಲಿದ್ದರು. ಬಿಡುಗಡೆಯ ದಿನ ಟ್ಯಾಕ್ಸಿಯಲ್ಲಿ ನಮ್ಮ ಜೊತೆ ಜಯನಗರದ ಮನೆಯವರೆಗೆ ಬಂದರು. ಅಮ್ಮನ ಚೀಲವನ್ನು ಮೆಟ್ಟಿಲ ಮೇಲೆ ಇಟ್ಟರು. ಅಮ್ಮ, “ಕಾಫಿ ಕುಡ್ಕೊಂಡ್ ಹೋಗೋಕೆ ಹೇಳು” ಎಂದು ನನಗೆ ಹೇಳಿದಳು. ನಾನು ಹೇಳಿದೆ. ಅಪ್ಪ ಬಸ್ಸಿಗೆ ಹೊತ್ತಾಯಿತು ಎಂದು ಗೇಟು ಹಾಕಿಕೊಂಡು ಹೋದರು.